ಭಾವನ ಕ್ಯಾಮೆರಾದ ಎರಡನೆಯ ದೀಪ

ದೇವರು ಮನುಷ್ಯನ ಕಣ್ಣಿಗೆ ರೆಪ್ಪೆಯನ್ನೇನೋ ಕೊಟ್ಟ, ಸುತ್ತ ಒಂದು ರಬ್ಬರ್ ಪಟ್ಟಿ ಹಾಕುವುದನ್ನು ಮರೆತುಬಿಟ್ಟ! ಇದು ನಮ್ಮ ಭಾವನ, ಅಂದರೆ ನನ್ನ ಅಕ್ಕನ ಗಂಡನ ದೂರು. ಕಾರಿನೊಳಗೆ ಮಳೆ ನೀರು ಬಾರದಂತೆ ಬಾಗಿಲಿಗೆ ರಬ್ಬರ್ ಪಟ್ಟಿ ಕೂರಿಸುವ ಎಂಜಿನಿಯರ್ ಅವರು. ಮನೆ ಅಮೆರಿಕದ ಟ್ರಾಯ್‌ನಲ್ಲಿ, ಆಫೀಸು ಪಕ್ಕದೂರು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಇಂಥವರು ಕ್ಯಾಮೆರಾ ಕೊಂಡರೆ ಏನಾಗಬೇಕೋ ಅದೇ ಆಯಿತು.

ಮಳೆ, ಧೂಳು ತಡೆಯುವ ಲೆನ್ಸನ್ನೇ ತಂದರು. ಆದರೆ ಮುಂದೊಂದು ಫಿಲ್ಟರ್ ಗಾಜು ಹಾಕಿದರೇನೇ ಅದರ ರಕ್ಷಣೆ, ಭಾವನ ಭಾಷೆಯಲ್ಲಿ 'ಸೀಲ್', ಪೂರ್ತಿಯಂತೆ. ಮುಗಿಯಿತಲ್ಲ! ಫಿಲ್ಟರ್ ಬಿಗಿದವರು ಮತ್ತೆ ಬಿಚ್ಚಲಿಲ್ಲ.

"ಮನೆ ಒಳಗೂ ಯಾಕ್ರೀ ಅದು? ಲಿವಿಂಗ್ ರೂಮಲ್ಲಿ ಮಳೆ ಬರತ್ತಾ?" ಎಂದಳು ಅಕ್ಕ.

"ನೀನು ಒಗ್ಗರಣೆ ಹಾಕ್ತೀಯಲ್ಲ, ಅದೇನು ಕಮ್ಮಿ ವೆದರ್ರಾ?"

ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಹುಬ್ಬಳ್ಳಿಯ ಡಾಕ್ಟರೊಬ್ಬರು ಕೆಣಕಿದರು: "ಅಲ್ರೀ, ಅಷ್ಟು ರೊಕ್ಕ ಕೊಟ್ಟು ಲೆನ್ಸ್ ತಗೊಂಡು, ಅದರ ಮುಂದ ಕಿಡಕಿ ಗಾಜು ಹಚ್ಚೀರಲ್ಲ!"

"ಆಪರೇಷನ್ ಮಾಡುವಾಗ ನೀವು ಮಾಸ್ಕ್ ಯಾಕೆ ಹಾಕ್ತೀರಿ ಡಾಕ್ಟ್ರೇ?"

ಸೊನ್ನೆಗೂ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ವಾದ ಬೆಳೆಯಿತು. ಕ್ಯಾಮೆರಾ ಭಾವನ ಕೋಟಿನೊಳಗೆ ಬೆಚ್ಚಗಿತ್ತು. ನಮ್ಮ ಮೂಗುಗಳಿಗೆ ಯಾವ ಫಿಲ್ಟರೂ ಇರಲಿಲ್ಲ!

ಡಾಕ್ಟರ ಮಾತಿನಲ್ಲೂ ಹುರುಳಿತ್ತು. ಅಕ್ಕ ತನ್ನ ಪುಟ್ಟ ಮಗಳ ಹುಟ್ಟುಹಬ್ಬಕ್ಕೆ ಆರತಿ ಎತ್ತಿದರೆ ಫೋಟೋದಲ್ಲಿ ದೀಪ ಎರಡು! ತಟ್ಟೆಯಲ್ಲೊಂದು; ಅದರ ಬೆಳಕು ಫಿಲ್ಟರಿನಲ್ಲಿ ಪ್ರತಿಫಲಿಸಿ ಗೋಡೆಯ ಮೇಲೆ ತೇಲುವಂತೆ ಕಾಣುವ ಹಸಿರು ದೀಪ ಇನ್ನೊಂದು. "ಒಂದೇ ಒಂದ್ಸಲ ಬಿಚ್ರೀ" ಎಂದು ಅಕ್ಕ ಗೋಗರೆದಳು. "ಸೀಲ್ ಅಂದ್ಮೇಲೆ ಸೀಲ್" ಎಂದರು ಭಾವ.

ಆಮೇಲೆ ಕಾರು ಕೊಳ್ಳುವವರೇ ಇಲ್ಲದ ವರ್ಷಗಳು ಬಂದವು. ಭಾವನ ಕೆಲಸ ಹೋಯಿತು. ಹೊಸದು ಸಿಕ್ಕಿದ್ದು ಷಿಕಾಗೋ ಬಳಿ. ಟ್ರಾಯ್ ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಅಕ್ಕನೂ ಮಗಳೂ ಟ್ರಾಯ್‌ನಲ್ಲೇ ಉಳಿದರು. ಭಾವ ಭಾನುವಾರ ಮುನ್ನೂರು ಮೈಲಿ ಡ್ರೈವ್ ಮಾಡಿ ಹೋಗುವುದು, ಶುಕ್ರವಾರ ಅಷ್ಟೇ ದೂರ ವಾಪಸು ಬರುವುದು. "ಮಗಳು ನನ್ನನ್ನ ವೀಕೆಂಡ್ ಗೆಸ್ಟ್ ಅಂದ್ಕೊಂಡುಬಿಟ್ರೆ?" ಎಂದು ಒಮ್ಮೆ ನನ್ನೆದುರು ಅಂದರು. ಯಾವ ಪಟ್ಟಿಗೂ ತಡೆಯಲಾಗದ ಹೆದರಿಕೆ ಅದು.

ಆ ವರ್ಷದ ಹುಟ್ಟುಹಬ್ಬಕ್ಕೂ ದೀಪ ಎರಡೇ ಬಂದವು. ಅಕ್ಕ ಫೋಟೋ ಅಳಿಸಲು ಹೊರಟಳು. ಮಗಳು ಕೈ ಹಿಡಿದಳು: "ನೋ ಅಮ್ಮಾ, ಡೋಂಟ್ ಡಿಲೀಟ್! ಆ ಗ್ರೀನ್ ಒನ್ ಅಪ್ಪಂದು. ಇನ್ ಷಿಕಾಗೋ."

ಭಾವ ಫಿಲ್ಟರ್ ಒರೆಸುತ್ತ ಕೂತರು.

ಮರುವರ್ಷ ಅವರಿಗೆ ಮತ್ತೆ ಸ್ಟರ್ಲಿಂಗ್ ಹೈಟ್ಸ್‌ನಲ್ಲೇ ಕೆಲಸ ಸಿಕ್ಕಿತು. ಹುಟ್ಟುಹಬ್ಬದ ಸಂಜೆ ಅಕ್ಕ ಆರತಿ ತಟ್ಟೆ ಎತ್ತುವ ಹೊತ್ತಿಗೆ ಭಾವ ಫಿಲ್ಟರ್ ಬಿಚ್ಚತೊಡಗಿದ್ದರು! ವರ್ಷಗಳಿಂದ ಕಚ್ಚಿಕೊಂಡದ್ದು ಬರುತ್ತದೆಯೇ? ಕೊನೆಗೆ ರಬ್ಬರ್ ಪಟ್ಟಿಯನ್ನೇ ಸುತ್ತಿ ತಿರುಗಿಸಿದರು.

"ಏನ್ರೀ ಇದು! ಸೀಲು?"

"ಎಲ್ರೂ ಒಳಗೇ ಇದೀವಲ್ಲ ಈಗ" ಎಂದು ಭಾವ ಫೋಟೋ ತೆಗೆದರು.

ಮಗಳು ಓಡಿಬಂದು ನೋಡಿದಳು. "ಓನ್ಲಿ ಒನ್!" ಎಂದು ಕುಣಿದಳು.

ದೇವರ ಮೇಲೆ ಭಾವ ಹೇಳಿದ್ದ ದೂರು ಸರಿಯೇ ಎಂದು ನನಗೆ ಅನ್ನಿಸಿದ್ದು ಆಗ. ಕಣ್ಣಿನ ಸುತ್ತ ಆ ರಬ್ಬರ್ ಪಟ್ಟಿ ಇದ್ದಿದ್ದರೆ ಅವರ ಕೆನ್ನೆ ಅಷ್ಟು ಒದ್ದೆಯಾಗುತ್ತಿರಲಿಲ್ಲ.