ಗಡಿಯಾರ ಕಳ್ಳನ ವೈಫೈ

ಕನ್ನಡಕದಣ್ಣನ ಮನೆಯ ವೈಫೈ ಪಾಸ್‌ವರ್ಡು ಮುರಿಯಲು ಹಿಡಿದದ್ದು ನಾಲ್ಕೇ ಸೆಕೆಂಡು. ಮುರಿದವನೂ ಕನ್ನಡಕದಣ್ಣನೇ.

ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಹದಿನೈದು ದಿನ ವಿಡಿಯೋ ನೋಡಿ ಕಲಿತ ಲಿನಕ್ಸ್ ಎಂಬ ಕಂಪ್ಯೂಟರ್ ವಿದ್ಯೆಯನ್ನು ತನ್ನ ಮನೆಯ ಮೇಲೆಯೇ ಪ್ರಯೋಗಿಸಿದ್ದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದು, ಸಟ್ಟನೆ ನಿಂತು, ಅವನ ಪಾಸ್‌ವರ್ಡನ್ನು ಮುಖಕ್ಕೆ ಹಿಡಿದವು: ಒಂದರಿಂದ ಎಂಟರವರೆಗಿನ ಅಂಕಿಗಳು. ಅವನು ದಂಗಾಗಿ ಕೂತ.

"ಲೇ, ಇಷ್ಟು ದಿನ ಬಾಗಿಲು ಹಾಕಿದೀವಿ ಅಂದ್ಕೊಂಡು ಬರೀ ಪರದೆ ಎಳ್ಕೊಂಡು ಮಲಗಿದ್ವಲ್ಲೇ!" ಎಂದು ಹೆಂಡತಿಗೆ ಕೂಗಿ ಹೇಳಿದ.

ಅವನಿಗೆ ಈ ಉಸಾಬರಿ ಅಂಟಿಕೊಂಡದ್ದು ಒಂದು ಗಡಿಯಾರದಿಂದ. ಕನ್ನಡಕದಂಗಡಿಯಲ್ಲಿ ಹಗಲೆಲ್ಲ ಜನರ ಕಣ್ಣು ಪರೀಕ್ಷೆ ಮಾಡಿ ಬರುವ ಬಡಪಾಯಿಗೆ ಮಾವ ಒಂದು ಕೀ ಕೊಡುವ ಗಡಿಯಾರ ಉಡುಗೊರೆ ಕೊಟ್ಟಿದ್ದರು. ಕಾಲು ಗಂಟೆಗೊಮ್ಮೆ ಅದು ಬಡಿದರೆ ಅಡುಗೆಮನೆಯ ಲೋಟಗಳೂ ನಡುಗುತ್ತಿದ್ದವು. ಏಳು ತಿಂಗಳು ನಿದ್ದೆಗೆಟ್ಟವನು, ಹೆಂಡತಿ ಮನೆಯಲ್ಲಿಲ್ಲದ ಒಂದು ದಿನ ಅದನ್ನು ದೂರದ ಗುಜರಿ ಅಂಗಡಿಗೆ ಕೊಟ್ಟು, ಬಾಗಿಲ ಚಿಲಕ ತಾನೇ ಕಿತ್ತು, "ಕಳ್ಳತನ! ಕಳ್ಳತನ!" ಎಂದು ಬೊಬ್ಬೆ ಹೊಡೆದಿದ್ದ.

ಹೆಂಡತಿ ಅತ್ತು ಕರೆದು ಶಪಥ ಮಾಡಿದಳು. "ಅಪ್ಪನ ಗಡಿಯಾರ ಕದ್ದವನು ಯಾರಂತ ಗೊತ್ತಾಗ್ಲಿ, ಸಾಯೋತನಕ ಅವನ ಮುಖ ನೋಡಲ್ಲ!" ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಒಮ್ಮೆ ಅತ್ತಿಗೆಯ ಜೊತೆ ಮಾತು ಬಿಟ್ಟವಳು ಹನ್ನೊಂದು ವರ್ಷವಾದರೂ ಮತ್ತೆ ಹಿಡಿದಿರಲಿಲ್ಲ. ಕನ್ನಡಕದಣ್ಣ ಅಂದಿನಿಂದ ನಿದ್ದೆಯನ್ನೇನೋ ಮಾಡಿದ, ನೆಮ್ಮದಿ ಕಳೆದುಕೊಂಡ.

ಕಟ್ಟಡದವರು ಸುಮ್ಮನಿರಲಿಲ್ಲ. ಕಳವಿನ ನೋವು ಕಳಕೊಂಡವನಿಗೇ ಗೊತ್ತು ಎಂದು ಅವನನ್ನೇ ಭದ್ರತಾ ಸಮಿತಿಯ ಮುಖ್ಯಸ್ಥನನ್ನಾಗಿ ಮಾಡಿದರು. ನಿವಾಸಿಗಳ ಸಂಘದ ಅಧ್ಯಕ್ಷರು ನಿವೃತ್ತ ಬಸ್ ಕಂಡಕ್ಟರ್. "ಈಗಿನ ಕಳ್ಳರು ಗಾಳೀಲಿ ಬರ್ತಾರಂತೆ ಕಣ್ರೀ. ಮೊದಲು ನಿಮ್ಮ ವೈಫೈ ಭದ್ರ ಮಾಡಿ, ಆಮೇಲೆ ನಮ್ಮೆಲ್ಲರದ್ದು," ಎಂದು ಅಪ್ಪಣೆ ಕೊಟ್ಟಿದ್ದರು.

ಈಗ ಹೊಸ ಪಾಸ್‌ವರ್ಡ್ ಬೇಕು. ವಿಡಿಯೋದ ಮೇಷ್ಟರು ಹೇಳಿದ್ದರು: ಉದ್ದನೆಯ ವಾಕ್ಯವಾಗಿರಲಿ, ನಿಮಗೊಬ್ಬರಿಗೇ ಗೊತ್ತಿರುವಂಥದ್ದಾಗಿರಲಿ, ಜನ್ಮದಲ್ಲಿ ಮರೆಯದಂಥದ್ದಾಗಿರಲಿ. ಕನ್ನಡಕದಣ್ಣ ಯೋಚಿಸಿದ. ಅಂಥ ವಾಕ್ಯ ಅವನ ಬಳಿ ಒಂದೇ ಇತ್ತು. ಹೆಂಡತಿ ಅತ್ತ ಹೋದದ್ದು ನೋಡಿ, ಊರವರಿಗೆಲ್ಲ ಕನ್ನಡಕ ಕೊಡುವವನು ತನ್ನ ಕನ್ನಡಕವನ್ನು ಹಣೆಗೇರಿಸಿಕೊಂಡು, ವೈಫೈ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ: "ಮಾವನ ಗಡಿಯಾರದ ಕಳ್ಳ ನಾನೇ". ಸೇವ್ ಒತ್ತಿದ.

ಫೋನು ತಟ್ಟನೆ ವೈಫೈ ಕಳೆದುಕೊಂಡಿತು. ಏನು ಮಾಡಿದರೂ ಮತ್ತೆ ಸೇರಲಿಲ್ಲ. ಅವನು ಹಿಗ್ಗಿ ಹೀರೇಕಾಯಿಯಾದ. ಮನೆಯ ಯಜಮಾನನನ್ನೇ ಒಳಗೆ ಬಿಡದ ಮೇಲೆ ಕಳ್ಳನನ್ನು ಬಿಡುತ್ತದೆಯೇ! ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದ.

ಸಂಜೆ ನಾಲ್ಕೂವರೆಗೆ ಅಧ್ಯಕ್ಷರ ಫೋನು ಬಂತು. "ಇರೋ ಕೆಲಸ ಬಿಟ್ಟು ಬನ್ರೀ! ಕಳ್ಳ ಬಂದಿದಾನೆ!"

ಗೇಟಿನ ಬಳಿ ಕಟ್ಟಡವೇ ನೆರೆದಿತ್ತು. ನೆಲ ಅಂತಸ್ತಿನ ಟೈಲರಕ್ಕ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದು ಫೋನನ್ನು ಅವನ ಮೂಗಿಗೆ ಹಿಡಿದಳು. "ನೋಡಣ್ಣ, ಎಂಥಾ ಕೊಬ್ಬು ಅವನಿಗೆ! ಅಕ್ಕಪಕ್ಕದ ವೈಫೈ ಪಟ್ಟಿ ತೆಗೆದ್ರೆ ಹೀಗೆ ಬರ್ತಾ ಇದೆ."

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು: ಮಾವನ ಗಡಿಯಾರದ ಕಳ್ಳ ನಾನೇ.

ಕನ್ನಡಕದಣ್ಣ ಆ ಸಾಲನ್ನು ಎರಡೆರಡು ಸಲ ಓದಿದ. ಬೆಳಿಗ್ಗೆ ತಾನು ಹಾಕಿದ ಪಾಸ್‌ವರ್ಡು, ಯಾರಿಗೂ ಹೇಳದ ಗುಟ್ಟು! ಯಾವನೋ ಮಹಾಪಾಪಿ ಅದನ್ನು ಕದ್ದು ತನ್ನ ವೈಫೈಗೆ ಹೆಸರಾಗಿಟ್ಟು ಡಂಗುರ ಸಾರುತ್ತಿದ್ದಾನೆ!

"ಪಾಪ, ಅಣ್ಣನ ಮುಖ ನೋಡಿ, ಬಿಳಿಚ್ಕೊಂಡಿದೆ," ಎಂದಳು ಟೈಲರಕ್ಕ.

ಅದೇ ಹೊತ್ತಿಗೆ ಮಾವ ಬಂದರು. ಕೈಯಲ್ಲೊಂದು ಭಾರದ ಬಟ್ಟೆ ಚೀಲ. "ಏನಿದು ಅಳಿಯಂದಿರೇ, ಇಷ್ಟೊಂದು ಜನ?"

"ನಿಮ್ಮ ಗಡಿಯಾರದ ಕಳ್ಳ ಸಿಕ್ಕಿದಾನೆ ಯಜಮಾನ್ರೇ. ನಿಮ್ಮ ಅಳಿಯ ಮಿಷಿನ್ ಇಟ್ಟು ಹಿಡೀತಾರೆ," ಎಂದರು ಅಧ್ಯಕ್ಷರು.

"ಹೌದಾ? ಹಾಗಿದ್ರೆ ನಾನೂ ನೋಡೇಬಿಡ್ತೀನಿ," ಎಂದರು ಮಾವ. ಚೀಲ ಹಿಡಿಯಲು ಅಳಿಯ ಕೈ ಚಾಚಿದರೆ, "ಬೇಡ ಬೇಡ, ಇದು ನನ್ನತ್ರಾನೇ ಇರ್ಲಿ," ಎಂದು ಹಿಂದಕ್ಕೆಳೆದುಕೊಂಡರು.

ಕನ್ನಡಕದಣ್ಣನಿಗೂ ರೋಷ ಹುಟ್ಟಿತ್ತು. ಲ್ಯಾಪ್‌ಟಾಪ್ ತೆರೆದ. ಪ್ರತಿ ವೈಫೈ ಎಷ್ಟು ಹತ್ತಿರವಿದೆಯೆಂದು ಲಿನಕ್ಸ್ ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಇಳಿದಷ್ಟೂ ಹತ್ತಿರ. "ಅಳತೆ ಓದೋದು ನಂಗೆ ಬಿಡಿ," ಎಂದು ಟೈಲರಕ್ಕ ಲ್ಯಾಪ್‌ಟಾಪ್ ಕಿತ್ತುಕೊಂಡಳು. ಅಧ್ಯಕ್ಷರು ಮೆಟ್ಟಿಲ ಬುಡದಲ್ಲಿ ನಿಂತು, "ನಡೀರಿ, ನಡೀರಿ, ಮುಂದೆ ಜಾಗ ಇದೆ, ಒಬ್ಬೊಬ್ರೇ ಹತ್ತಿ!" ಎಂದು ಮೆರವಣಿಗೆ ಹೊರಡಿಸಿದರು.

"ಎಪ್ಪತ್ತೆರಡು... ಅರವತ್ತೈದು... ಇಳೀತಾ ಇದೆ! ಕಳ್ಳ ಮೇಲಿದಾನೆ!"

ಮೊದಲ ಅಂತಸ್ತಿನಲ್ಲಿ ಕನ್ನಡಕದಣ್ಣ ಅವಳ ಹೆಗಲ ಮೇಲಿಂದ ಪರದೆಯತ್ತ ಬಗ್ಗಿದ. ಕಳ್ಳನ ಹೆಸರಿನ ಪಕ್ಕದಲ್ಲಿ ಅವನ ರೂಟರಿನ ಗುರುತಿನ ಸಂಖ್ಯೆಯಿತ್ತು. ಎಲ್ಲೋ ನೋಡಿದ ಹಾಗಿದೆ. ಬೆಳಿಗ್ಗೆ ತನ್ನ ರೂಟರಿನ ಸಂಖ್ಯೆಯನ್ನು ಕಣ್ಣು ಪರೀಕ್ಷೆಯ ಚೀಟಿಯ ಹಿಂದೆ ಬರೆದುಕೊಂಡಿದ್ದ. ಜೇಬಿನಿಂದ ತೆಗೆದು, ಈ ಸಲ ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರವಾಗಿ ಹೋಲಿಸಿದ.

ಎರಡೂ ಒಂದೇ.

ಬೆಳಿಗ್ಗೆ ತಾನು ಮಾಡಿದ್ದು ಈಗ ಅವನ ಕಣ್ಣಿಗೆ ಕಟ್ಟಿತು. ರೂಟರಿನ ಪುಟದಲ್ಲಿ ಒಂದರ ಕೆಳಗೊಂದು ಎರಡು ಡಬ್ಬಿಗಳಿದ್ದವು. ಮೇಲಿನದು ವೈಫೈನ ಹೆಸರಿಗೆ, ಕೆಳಗಿನದು ಪಾಸ್‌ವರ್ಡಿಗೆ. ಇವನು ಬರೆದದ್ದು ಮೇಲಿನದರಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಹೆಗಲಿಗೆ ಬೋರ್ಡು ನೇತುಹಾಕಿಕೊಂಡು ಬೆಳಗಿನಿಂದ ನಿಂತವನು ಇವನೊಬ್ಬನೇ ಇರಬೇಕು.

"ಟೈಲರಕ್ಕ, ಸಾಕು. ಬ್ಯಾಟರಿ ಮುಗೀತಾ ಬಂತು."

"ಬ್ಯಾಟರಿ ಇನ್ನೂ ಎಂಬತ್ತು ಪರ್ಸೆಂಟ್ ತೋರಿಸ್ತಾ ಇದೆಯಲ್ಲಣ್ಣ!"

"ಅಧ್ಯಕ್ಷರೇ, ಕಳ್ಳನ ಹತ್ರ ಚಾಕು ಗೀಕು ಇದ್ದರೆ? ನಾಳೆ ನೋಡೋಣ."

"ಮುಖ್ಯಸ್ಥರೇ ಹೆದರಿದ್ರೆ ಹೇಗ್ರೀ? ಹಿಂದಿನವರು ತಳ್ತಾ ಇದಾರೆ, ಹತ್ತಿ!"

"ಐವತ್ತು... ನಲವತ್ತೊಂದು... ಮೂವತ್ತಮೂರು..." ಟೈಲರಕ್ಕ ಮೂರನೇ ಅಂತಸ್ತಿನಲ್ಲಿ ಎಡಕ್ಕೆ ತಿರುಗಿದಳು. "ಇಪ್ಪತ್ತೆಂಟು!" ಎಂದು ನಿಂತಳು.

ನಿಂತದ್ದು ಕನ್ನಡಕದಣ್ಣನ ಬಾಗಿಲ ಮುಂದೆ. ಸದ್ದು ಕೇಳಿ ಹೆಂಡತಿ ಬಾಗಿಲು ತೆಗೆದಳು. ಟೈಲರಕ್ಕ ಅಂಕಿ ನೋಡಿದಳು, ಬಾಗಿಲು ನೋಡಿದಳು, ಕನ್ನಡಕದಣ್ಣನನ್ನು ನೋಡಿದಳು.

ಅಷ್ಟರಲ್ಲಿ ಮಾವನ ಚೀಲದೊಳಗಿಂದ, ಠಣ್ ಎಂದು ಸದ್ದಾಯಿತು. ಠಣ್. ಠಣ್. ಐದು ಸಲ.

ಕಟ್ಟಡಕ್ಕೆಲ್ಲ ಪರಿಚಯವಿದ್ದ ಸದ್ದು ಅದು. ಅಧ್ಯಕ್ಷರು ಚೀಲಕ್ಕೆ ಕೈಹಾಕಿ ಟವೆಲ್ಲು ಬಿಚ್ಚಿದರು. ಒಳಗೆ ಅದೇ ಗಡಿಯಾರ.

"ಅಯ್ಯಯ್ಯೋ! ಕೊಟ್ಟೋರೇ ಕದ್ಕೊಂಡ್ಹೋಗಿದಾರೆ!" ಎಂದು ಟೈಲರಕ್ಕ ಕಿರುಚಿದಳು. "ಈ ವಯಸ್ಸಲ್ಲಿ ಇದೇನ್ರೀ ಬುದ್ಧಿ?" ಎಂದಿತು ಹಿಂದಿನಿಂದ ಒಂದು ದನಿ. ಮಾವ ತಲೆ ತಗ್ಗಿಸಿ ನಿಂತರು.

"ಅಪ್ಪಾ, ನೀನಾ?" ಎಂದಳು ಮಗಳು. ಅವಳ ಕಣ್ಣು ತುಂಬಿತು. ಮುಖ ಮೆಲ್ಲಗೆ ಆ ಕಡೆ ತಿರುಗತೊಡಗಿತು.

ಅದನ್ನು ಮಾತ್ರ ಕನ್ನಡಕದಣ್ಣನಿಂದ ನೋಡಲಾಗಲಿಲ್ಲ. ಪುಕ್ಕಲನೇ ಹೌದು, ಆದರೆ ಅಷ್ಟು ಕೆಟ್ಟವನಲ್ಲ. ಕಣ್ಣು ಮುಚ್ಚಿಕೊಂಡು ಕೂಗಿಬಿಟ್ಟ. "ಮಾವನವರದ್ದೇನೂ ತಪ್ಪಿಲ್ಲ! ಕದ್ದವನು ನಾನು. ಚಿಲಕ ಕಿತ್ತವನೂ ನಾನು. ಇನ್ನು ನೀನು ನನ್ನ ಮುಖ ನೋಡದಿದ್ರೂ ಸರಿ!"

ಎಲ್ಲರೂ ಬೆಕ್ಕಸ ಬೆರಗಾದರು. ಮೊದಲು ಬಿಕ್ಕಿದವಳು ಟೈಲರಕ್ಕ. ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡು, "ಮಾವನ ಮಾನ ಉಳಿಸೋಕೆ ತಾನೇ ಕಳ್ಳ ಅಂತಾನಲ್ಲಪ್ಪ! ಇಂಥ ಅಳಿಯ ಎಲ್ಲಿ ಸಿಗ್ತಾನೆ?" ಎಂದಳು.

"ಅಲ್ಲ ಕಣಕ್ಕ, ನಿಜವಾಗ್ಲೂ ನಾನೇ!"

"ಸುಮ್ನಿರಿ ರೀ," ಎಂದಳು ಹೆಂಡತಿ. "ಜಿರಲೆ ಹೊಡೆಯೋಕೆ ನನ್ನ ಕರೆಯೋರು ನೀವು. ನೀವು ಕದೀತೀರಾ?"

ಆಗ ಮಾವ ನಿಧಾನವಾಗಿ ಜೇಬಿನಿಂದ ರಸೀದಿ ತೆಗೆದರು. ನಿನ್ನೆ ಗುಜರಿ ಅಂಗಡಿಯಲ್ಲಿ ಗಡಿಯಾರ ಕಣ್ಣಿಗೆ ಬಿತ್ತಂತೆ. ಮಗಳಿಗೆ ಹೇಳದೆ ತಂದುಕೊಡೋಣ ಎಂದು ಕೊಂಡರಂತೆ. ಅಧ್ಯಕ್ಷರು ರಸೀದಿಯನ್ನು ಟಿಕೆಟಿನಂತೆ ಹಿಂದೆ ಮುಂದೆ ತಿರುಗಿಸಿ, "ಸರಿಯಾಗಿದೆ," ಎಂದರು. ಕಳ್ಳನು ಕನ್ನಡಕದಣ್ಣನ ರೂಟರಿನೊಳಗೇ ನುಗ್ಗಿ ಹೆಸರು ಬರೆದಿದ್ದಾನೆಂದು ಸಭೆ ತೀರ್ಮಾನಿಸಿತು. ಭದ್ರತಾ ಮುಖ್ಯಸ್ಥನ ಅವಧಿಯನ್ನು ಇನ್ನೆರಡು ವರ್ಷಕ್ಕೆ ವಿಸ್ತರಿಸಿ ಎಲ್ಲರೂ ಇಳಿದುಹೋದರು.

ಗಡಿಯಾರವನ್ನು ಮಾವ ತಾವೇ ನೇತುಹಾಕುತ್ತೇನೆಂದರು. ಈ ಬಾರಿ ನಡುಮನೆಯಲ್ಲಲ್ಲ, ಭದ್ರವಾಗಿರಲೆಂದು ಮಲಗುವ ಕೋಣೆಯಲ್ಲಿ, ಅಳಿಯನ ತಲೆದಿಂಬಿನ ನೇರಕ್ಕೆ. ಅವರು ಸ್ಟೂಲು ಹತ್ತಿದರು. ಅಳಿಯ ಸ್ಟೂಲು ಹಿಡಿದುಕೊಂಡ. ಅಡುಗೆಮನೆಯಲ್ಲಿ ಮಗಳು ಟೀ ಕಾಯಿಸುವ ಸದ್ದು ಕೇಳುತ್ತಿತ್ತು.

"ಅಳಿಯಂದಿರೇ," ಮಾವ ಮೊಳೆ ಹೊಡೆಯುತ್ತ ಮೆಲ್ಲಗೆ ಹೇಳಿದರು, "ಗುಜರಿಯವನು ಮಾರಿದವನ ಗುರುತು ಹೇಳಿದ. ಆ ಗುಜರಿಯವನ ಕಣ್ಣು ಮಂಜಾಗಿದೆ ಅಂತ ಹೇಳಿ ನಿಮ್ಮ ಅಂಗಡಿ ಚೀಟೀನೂ ಕೊಟ್ಟು ಬಂದಿದೀರಂತೆ."

ಸ್ಟೂಲು ಗಡಗಡ ಅಲ್ಲಾಡಿತು.

"ಸರಿಯಾಗಿ ಹಿಡ್ಕೊಳ್ಳಿ. ರಸೀದಿ ಆಗಲೇ ಜೇಬಲ್ಲಿತ್ತು. ನೀವು ಬಾಯಿ ಬಿಡ್ತೀರೋ ಇಲ್ವೋ ನೋಡೋಣ ಅಂತ ನಿಂತಿದ್ದೆ. ಬಿಟ್ಟಿರಿ, ಸಂತೋಷ. ಮಗಳು ನಂಬಲಿಲ್ಲ, ಅದು ನಿಮ್ಮ ಪುಣ್ಯ." ಅವರು ಗಡಿಯಾರಕ್ಕೆ ಕೀ ಕೊಟ್ಟರು. "ದಿನಾ ಬೆಳಿಗ್ಗೆ ಕೀ ಕೊಡಿ. ಸಂಜೆ ಆರಕ್ಕೆ ನಾನು ಫೋನ್ ಮಾಡ್ತೀನಿ, ಮಾತಾಡೋಕಲ್ಲ, ಗಂಟೆ ಕೇಳೋಕೆ. ಕೇಳಿಸ್ಲಿಲ್ಲ ಅಂದ್ರೆ, ಫೋನು ಸ್ವಲ್ಪ ಮಗಳಿಗೆ ಕೊಡಿ ಅಂತೀನಿ."

ಮಾವ ಹೋದ ಮೇಲೆ ಕನ್ನಡಕದಣ್ಣ ಕನ್ನಡಕ ಮೂಗಿಗೇರಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ಮೇಲಿನ ಡಬ್ಬಿಗೆ ಹಳೆಯ ಹೆಸರು ಹಾಕಿದ. ಕೆಳಗಿನ ಡಬ್ಬಿಯ ಮೇಲೆ ಬೆರಳು ನಿಂತಿತು. ನಿಮಗೊಬ್ಬರಿಗೇ ಗೊತ್ತಿರುವಂಥದ್ದಾಗಿರಲಿ ಎಂದಿದ್ದರು ಮೇಷ್ಟರು. ಎಷ್ಟು ತಡಕಿದರೂ ಅಂಥದ್ದು ಅವನ ಬಳಿ ಒಂದೂ ಉಳಿದಿರಲಿಲ್ಲ. ಒಂದರಿಂದ ಎಂಟರವರೆಗಿನ ಅಂಕಿಗಳನ್ನು ಹಾಗೆಯೇ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದ. ಒಳಕೋಣೆಯಲ್ಲಿ ಐದೂ ಮುಕ್ಕಾಲು ಬಡಿಯಿತು.