ಭದ್ರಾವತಿಯಲ್ಲಿ ಮಾತ್ರ ಒಳ್ಳೆಯ ಮೇಷ್ಟ್ರು

ಮೇಷ್ಟ್ರಾದವನು ತನ್ನ ಬಗ್ಗೆ ಹುಡುಗರು ಏನೆನ್ನುತ್ತಾರೆಂದು ತಿಳಿಯಲು ಹೋಗಬಾರದು. ತಿಳಿದರೆ ಊಟ ಸೇರುವುದಿಲ್ಲ. ನಾನೇನೂ ಹೋಗಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಒಮ್ಮೆ ಸವಳಂಗ ರಸ್ತೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಬೆನ್ನ ಹಿಂದಿನ ಮೇಜಿನಿಂದ ಅದು ತಾನಾಗಿಯೇ ಬಂತು. "ಇಂಗ್ಲಿಷ್ ಪೀರಿಯಡ್ಡಾ? ಆ ಮೇಷ್ಟ್ರು ಕಿಟಕಿಗೆ ಪಾಠ ಮಾಡ್ತಾರೆ ಮಾರಾಯ, ನಮಗಲ್ಲ." ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ನನ್ನ ತರಗತಿಗೆ ನೂರಕ್ಕೂ ಮೇಲೆ ಹುಡುಗರು. ಕೊನೆಯ ಬೆಂಚಿನವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಕಿಟಕಿಯನ್ನು ನೋಡುತ್ತಿದ್ದುದೂ ನಿಜ. ಇಡೀ ಕೋಣೆಯಲ್ಲಿ ಆಕಳಿಸದೆ ಇದ್ದದ್ದು ಅದೊಂದೇ.

ಕೆಲಸ ಬಿಟ್ಟು ಮಾವನವರ ಜವಳಿ ಅಂಗಡಿ ಸೇರುತ್ತೇನೆಂದು ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಘೋಷಿಸಿದೆ. ನನ್ನ ಹೆಂಡತಿ ಸಾವಿತ್ರಿ, "ಗಿರಾಕಿ ಮುಂದೆ ನಿಂತು ಕಿಟಕಿ ನೋಡಿದ್ರೆ ನಮ್ಮಪ್ಪ ಸುಮ್ನಿರಲ್ಲ," ಎಂದಳು.

ಅಷ್ಟರಲ್ಲಿ ಭದ್ರಾವತಿಯ ಜನ್ನಾಪುರದಿಂದ, ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡಬೇಕೆಂದು ಕರೆ ಬಂತು. ಅಂಗಡಿಯ ಮಾತು ಬಿಟ್ಟು, ಕಾಲೇಜು ಮುಗಿಸಿ ಬಸ್ಸು ಹತ್ತಿದೆ. ಅಲ್ಲಿ ಎಂಟೇ ಜನ. ಕುಲುಮೆಯಲ್ಲಿ ಕೆಲಸ ಮಾಡುವ ಆರ್ಮುಗಂ ಮೊದಲ ದಿನವೇ ಕೈಯೆತ್ತಿ, "ಸಾರ್, ಅರ್ಥ ಆಗ್ಲಿಲ್ಲ," ಎಂದ. ಅದುವರೆಗೆ ಯಾರೂ ನನಗೆ ಅಷ್ಟು ಗೌರವ ಕೊಟ್ಟಿರಲಿಲ್ಲ! ಮತ್ತೆ ಹೇಳಿದೆ. ಅವರು ನಕ್ಕರು, ವಾದಿಸಿದರು, ತಪ್ಪು ಇಂಗ್ಲಿಷಿನಲ್ಲೇ ಜಗಳವಾಡಿದರು. "ಶಿವಮೊಗ್ಗ ಮೇಷ್ಟ್ರ ಪಾಠ ಅಂದ್ರೆ ಪಾಠ" ಎಂಬ ಮಾತು ಜನ್ನಾಪುರದಲ್ಲೆಲ್ಲ ಹಬ್ಬಿತು. ನಾನು ಬಸ್ಸಿನಲ್ಲಿ ಎದೆಯುಬ್ಬಿಸಿ ಕೂರತೊಡಗಿದೆ.

ಆದರೆ ಹೆಸರು ಕೇಳಿ ಜನ ಬರುತ್ತಾರಲ್ಲ, ಬಂದರು. ಎಂಟು ಇದ್ದವರು ಅರವತ್ತಾದರು. ಹಿಂದೆ ಕೂತವರಿಗೂ ಕೇಳಲೆಂದು ನಾನು ಕಿರುಚತೊಡಗಿದೆ. ಒಂದು ಸಂಜೆ ಆರ್ಮುಗಂ ಬಸ್ ಸ್ಟಾಪಿನವರೆಗೂ ಬಂದು ಸಂಕೋಚದಿಂದ ಹೇಳಿದ: "ಸಾರ್, ಮೊದ್ಲು ನಿಮ್ ಪಾಠ ಕೇಳ್ತಿತ್ತು. ಈಗ ಬರೀ ನಿಮ್ ಗಂಟ್ಲು ಕೇಳ್ತದೆ."

ಬಸ್ಸಿನಲ್ಲಿ ಯೋಚಿಸಿದೆ. ಮೇಷ್ಟ್ರು ಅದೇ, ಪುಸ್ತಕ ಅದೇ. ಹೆಚ್ಚಿದ್ದು ಬೆಂಚು ಮಾತ್ರ. ಜನ್ನಾಪುರದವರನ್ನು ಗುಂಪು ಮಾಡಿ ಬೇರೆ ಬೇರೆ ದಿನ ಕರೆದೆ. ಶಿವಮೊಗ್ಗದಲ್ಲೂ ಪ್ರಿನ್ಸಿಪಾಲರ ಮುಂದೆ ನಿಂತು, ವಾರಕ್ಕೊಮ್ಮೆ ಹುಡುಗರನ್ನು ಸಣ್ಣ ಗುಂಪುಗಳಲ್ಲಿ ಕೊಡಿ ಎಂದು ಬೇಡಿದೆ. "ಕೆಲಸ ಕಡಿಮೆ ಮಾಡಿ ಅನ್ನೋರನ್ನ ನೋಡಿದ್ದೀನಿ ಕಣ್ರೀ. ಜಾಸ್ತಿ ಕೊಡಿ ಅಂತೀರಲ್ಲ, ಮೈ ಹುಷಾರಿದೆ ತಾನೆ?" ಎನ್ನುತ್ತಲೇ ಅವರು ಒಪ್ಪಿದರು.

ಮೊದಲ ಗುಂಪು ಬಂದು ಸುತ್ತ ಕೂತಿತು. ಹೆಸರು ಕೇಳಿದೆ, ಮಾತಾಡಿಸಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ, ವರ್ಷವೆಲ್ಲ ಹಿಂದಿನ ಬೆಂಚಿನಲ್ಲೇ ಕಳೆದಿದ್ದ ಉದ್ದನೆಯ ಹುಡುಗನೊಬ್ಬ ಎದ್ದು ನಿಂತು ವಿನಯದಿಂದ ಕೇಳಿದ: "ಪಾಠ ತುಂಬ ಚೆನ್ನಾಗಿತ್ತು ಸಾರ್. ಮುಂದಿನ ವಾರಾನೂ ನೀವೇ ಬರ್ತೀರಾ, ಇಲ್ಲ ನಮ್ಮ ಹಳೇ ಮೇಷ್ಟ್ರೇ ಬರ್ತಾರಾ?"

"ನಾನೇ ಬರ್ತೀನಪ್ಪ. ಅವರು ಬಿಟ್ಟು ಹೋದ್ರು," ಎಂದೆ.