ಭಾವಮೈದ ಮತ್ತು ಹೊಸ ಆವೃತ್ತಿ

ನನ್ನ ಹೆಂಡತಿಯ ತಮ್ಮ ನಾಲ್ವರು ಮರ್ಯಾದಸ್ಥರನ್ನು ಪ್ರತಿ ಭಾನುವಾರ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನಲ್ಲೇ ಕೊಲ್ಲುತ್ತಿದ್ದ. ಸತ್ತವರು ಗೋಳಿಬಜೆ ತಿಂದು, ಕೈ ತೊಳೆದು, ಮುಂದಿನ ವಾರ ಮತ್ತೆ ಬರುತ್ತಿದ್ದರು. ಪೊಲೀಸರಿಗೆ ಹೇಳುವುದಾದರೂ ಏನೆಂದು?

ಅದೊಂದು ಆಟ. ಒಬ್ಬ ಕಥೆ ಹೇಳುತ್ತಾನೆ; ಉಳಿದವರು ಅದರೊಳಗೆ ಯೋಧನಾಗಿ, ಕಳ್ಳನಾಗಿ, ಮಂತ್ರವಾದಿಯಾಗಿ ಗುಹೆ ಹೊಕ್ಕು ರಾಕ್ಷಸರೊಡನೆ ಹೊಡೆದಾಡುತ್ತಾರೆ. ಏಟು ತಗಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮಿಕ್ಕದ್ದನ್ನು ಇಟ್ಟಿಗೆಯಂಥ ನಿಯಮದ ಪುಸ್ತಕಗಳು. ಕಥೆ ಹೇಳುವವನು ನಮ್ಮ ಭಾವಮೈದ. ವಾರವಿಡೀ ಎಂಐಡಿಸಿಯ ಕಾರ್ಖಾನೆಯವರಿಗೆ ಊಟ ಹಾಕುವ ಹೋಟೆಲಿನ ಮ್ಯಾನೇಜರು, ಭಾನುವಾರ ಪಾತಾಳಲೋಕದ ಒಡೆಯ! ಮದುವೆಯಿಲ್ಲ, ಸಿನಿಮಾ ಇಲ್ಲ, ಕ್ರಿಕೆಟ್ಟಿನ ಹುಚ್ಚೂ ಇಲ್ಲ. ಅವನಿಗೆ ಜನ ಎಂದರೆ ಆ ನಾಲ್ವರೇ.

ನನ್ನದೇನೂ ತಕರಾರಿರಲಿಲ್ಲ. ಎದ್ದ ಕೂಡಲೇ ಹಾಸಿಗೆ ಮಡಚದವರನ್ನು ನಾನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಐವರೋ, ಮೂರು ಗಂಟೆ ಎಂದರೆ ಮೂರಕ್ಕೆ ಹಾಜರ್. ಚಪ್ಪಲಿ ಸಾಲಾಗಿ ಬಿಡುತ್ತಿದ್ದರು. ಅಂಥವರು ಯಾರನ್ನು ಕೊಂದರೆ ನನಗೇನು?

ಹೀಗಿರುವಾಗ ಆ ಆಟದ ಕಂಪನಿ ನಿಯಮಗಳನ್ನೆಲ್ಲ ತಿದ್ದಿ ಹೊಸ ಆವೃತ್ತಿ ಹೊರತಂದಿತು. ನಾಲ್ವರಲ್ಲೊಬ್ಬ ಠಾಣೆ ಶಹರದಲ್ಲಿ ಬ್ಯಾಂಕಿನ ನೌಕರ, ಮೂಲ ಧಾರವಾಡ; ಆಟದಲ್ಲಿ ಮಂತ್ರವಾದಿ. ವಾಶಿಯ ಮಾಲಿನಿಂದ ಹೊಸ ಪುಸ್ತಕ ತಂದು ಮೇಜಿನ ಮೇಲಿಟ್ಟ. ಭಾವಮೈದ ಅದನ್ನು ಸಾಂಬಾರಿನಲ್ಲಿ ಸಿಕ್ಕ ಕೂದಲನ್ನು ನೋಡುವಂತೆ ನೋಡಿದ.

ಜಗಳಕ್ಕೆ ಮೂಲ ಮಂತ್ರವಾದಿಯೇ. ಹಳೆಯ ನಿಯಮದಲ್ಲಿ ಅವನೊಂದು ಮಂತ್ರ ಹಾಕಿದರೆ ಅದು ಖರ್ಚಾಯಿತು, ಮತ್ತೆ ಮರುದಿನವೇ. ಹೊಸದರಲ್ಲಿ ಕೆಲವು ಮಂತ್ರಗಳನ್ನು ಎಷ್ಟು ಸಲ ಬೇಕಾದರೂ ಹಾಕಬಹುದು.

"ಭಾವ, ನೀವೇ ಹೇಳಿ," ಎಂದು ಭಾವಮೈದ ನನ್ನತ್ತ ತಿರುಗಿದ. "ಹಿಟ್ಟು ಮುಗಿದರೆ ಇಡ್ಲಿ ಮುಗಿಯಿತು. ನಾಳೆ ಬನ್ನಿ ಅಂತೇವೆ. ಇವರ ಪುಸ್ತಕದಲ್ಲಿ ಹಿಟ್ಟೇ ಮುಗಿಯುವುದಿಲ್ಲವಂತೆ ಮಾರಾಯ್ರೆ."

"ಒಂದ್ ಮಂತ್ರ ಹಾಕಿ ಇಡೀ ದಿನಾ ಮೂಲ್ಯಾಗ ನಿಂದ್ರಾಂವ ನಾನು," ಎಂದ ಬ್ಯಾಂಕಿನವ. "ತೂ ನಹೀ."

ನ್ಯಾಯವಾದ ಮಾತೇ! ಆದರೆ ಭಾವಮೈದ ಕೇಳಿದರೆ ತಾನೆ? ಇಂಟರ್ನೆಟ್ಟಿನಲ್ಲಿ ಕಂಡು ಕೇಳರಿಯದ ದೇಶದವರೊಡನೆಯೂ ಇದೇ ಯುದ್ಧ. ಯಾರೋ ಅವನನ್ನು ಡೈನೋಸಾರ್ ಎಂದು ಬೈದ ದಿನ ಅವನು ಹೋಟೆಲಿನ ಅಡುಗೆಮನೆಗೆ ನುಗ್ಗಿದ ಪರಿಗೆ ಅಡುಗೆಯವನು ಹೆದರಿ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ. ಇಡೀ ಎಂಐಡಿಸಿ ಅಂದು ನೀರು ಕುಡಿಯಿತು! ನನ್ನ ಹೆಂಡತಿ ಮಾತ್ರ, ಊರಲ್ಲಿ ಯಕ್ಷಗಾನ ತೆಂಕೋ ಬಡಗೋ ಎಂದು ಕಿತ್ತಾಡುವವರ ಕುಲದವನು, ಇಲ್ಲಿ ಬಂದು ಸುಮ್ಮನಿರುತ್ತಾನೆಯೇ ಎಂದು ಬಜೆ ಕರಿದಳು.

ಕೊನೆಗೆ ತೀರ್ಮಾನಕ್ಕೆ ನನ್ನ ಬಳಿ ಬಂದರು. ಸರಿಯಾದ ಕಡೆಗೇ ಬಂದಿದ್ದರು. ನಾನು ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ. ಫ್ರಿಜ್ಜಿನ ಮೇಲೆ ನೋಟಿಸು ಅಂಟಿಸಿದೆ. ಸಭೆ ಕರೆದೆ. ಐವರೂ ಇದ್ದರಷ್ಟೇ ಕೋರಂ ಎಂದು ಘೋಷಿಸಿದೆ. ಉಳಿದ ನಾಲ್ವರೂ ಹೊಸದರ ಕಡೆಗಿದ್ದು, ಸೋಲು ಖಚಿತವೆಂದು ಕಂಡ ಭಾವಮೈದ ಎದ್ದು, ಕೋರಂ ಮುರಿಯಿತು, ಸಭೆ ಬರ್ಖಾಸ್ತು ಎನ್ನುತ್ತ ಕೆಳಗೆ ಚಹಾದಂಗಡಿಗೆ ನಡೆದ.

ಪಾಪ, ಬಾಡಿಗೆ ಮನೆಯವನು. ಸೊಸೈಟಿಯ ಸಭೆಗೆ ಒಂದು ದಿನವೂ ಬಂದವನಲ್ಲ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ, ಆಮೇಲೆ ಇದ್ದಷ್ಟು ಜನರಲ್ಲೇ ಸಭೆ ನಡೆಸಬಹುದೆಂಬುದು ಇಲ್ಲಿನ ಪ್ರತಿ ಬಿಲ್ಡಿಂಗಿನ ಪ್ರತಿ ಫ್ಲ್ಯಾಟಿನವನಿಗೂ ಗೊತ್ತು! ಗೆದ್ದ ಮುಖ ಹೊತ್ತು ಅವನು ಮೆಟ್ಟಿಲು ಹತ್ತಿ ಬರುವಾಗ ಹೊಸ ಆವೃತ್ತಿ ಸರ್ವಾನುಮತದಿಂದ ಅಂಗೀಕಾರವಾಗಿತ್ತು.

"ನನ್ನ ಆಟಕ್ಕೆ ನಿಮ್ಮ ಸೊಸೈಟಿ ಕಾನೂನು ಎಲ್ಲಿಂದ ಬಂತು ಭಾವ?"

"ನೀನು ಮೆಚ್ಚಬೇಕಪ್ಪ," ಎಂದೆ. "ಇದು ತಿದ್ದುಪಡಿಯಾಗದ ಹಳೇ ನಿಯಮ."

ಅವನು ಮೆಚ್ಚಲಿಲ್ಲ. ಹೊಸ ಪುಸ್ತಕ ಮುಟ್ಟುವುದಿಲ್ಲ ಎಂದ. ನಾಲ್ವರು ಮುಖ ಮುಖ ನೋಡಿಕೊಂಡು, ಮುಂದಿನ ವಾರದಿಂದ ವಾಶಿಯಲ್ಲಿ ಒಬ್ಬನ ಮನೆಯಲ್ಲಿ ಆಡತೊಡಗಿದರು.

ಆ ಭಾನುವಾರ ಇವನು ಬರುವುದಿಲ್ಲವೆಂದುಕೊಂಡಿದ್ದೆ. ಮೂರಕ್ಕೆ ಸರಿಯಾಗಿ ಬಂದ. ಪುಸ್ತಕ ಜೋಡಿಸಿದ, ದಾಳ ಇಟ್ಟ, ಕೂತ. ಆರಕ್ಕೆ ಎಲ್ಲವನ್ನೂ ಚೀಲಕ್ಕೆ ತುಂಬಿ ಹೋದ. ಮುಂದಿನ ಭಾನುವಾರವೂ ಅಷ್ಟೇ. ವಾಶಿಗೆ ಹೋಗಿ ಸೇರಿಕೋ ಎಂದರೆ ತಲೆ ಅಲ್ಲಾಡಿಸಿದ. ಅವರು ಕರೆದಿಲ್ಲ ಎಂಬುದನ್ನು ನನ್ನ ಹೆಂಡತಿಗೆ ಮಾತ್ರ ಹೇಳಿದ್ದನಂತೆ.

ಅದರಾಚೆಯ ವಾರ ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವನೆದುರಿನ ಕುರ್ಚಿ ಎಳೆದು ಕೂತಳು.

"ಹೂಂ, ಶುರು ಮಾಡು."

ಅವನು ಅಕ್ಕನನ್ನೇ ನೋಡಿದ. "ಯಾವುದು? ಹಳೆಯದೋ, ಹೊಸದೋ?"

"ನನಗೆ ಎರಡೂ ಗೊತ್ತಿಲ್ಲ. ನೀನು ಹೇಳು, ನಾನು ಕೇಳ್ತೇನೆ."

ಅವನು ಪುಸ್ತಕಗಳನ್ನೆಲ್ಲ ಪಕ್ಕಕ್ಕೆ ಸರಿಸಿದ.

"ನೀನೊಂದು ಬಾಗಿಲಿನ ಮುಂದೆ ನಿಂತಿದ್ದಿ ಅಕ್ಕ. ದೊಡ್ಡ ಬಾಗಿಲು. ಮುಚ್ಚಿದೆ."

"ಒಳಗೆ ಯಾರಿದ್ದಾರೆ?"

"ಒಬ್ಬನೇ ಇದ್ದಾನೆ."

ಅವಳು ದಾಳದ ಕಡೆ ನೋಡಲೂ ಇಲ್ಲ.

"ತೆಗೆದೆ," ಎಂದಳು.